ಉಪ್ಪು ಬೀಳದ ಖಾರ

ಕಾಮಗೆರೆ
18-9-2024

ಬಾಮೈದ ಶಾಂತಮೂರ್ತಿಗೆ,

ಪುಟ್ಟಮಾದಪ್ಪನ ಶರಣು. ಐದು ತಿಂಗಳಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ನಿನ್ನ ಹೆಂಡತಿ ಪ್ರೇಮಾಗೆ ಮಾಡಿದರೆ, "ಅವ್ರು ಹೊಲ್ತಾವ ಓಗವ್ರೆ ಅಣ್ಣ" ಅನ್ನುತ್ತಾಳೆ. ನಿನಗೆ ಹೊಲ ಎಲ್ಲಿದೆಯಪ್ಪ? ನೀನು ಮಣ್ಣು ಮುಟ್ಟಿದ್ದು ನಾಟಕದಲ್ಲಿ ಬಿದ್ದು ಸಾಯುವಾಗ ಮಾತ್ರ. ಆ ಹೆಣ್ಣುಮಗಳ ಕೈಲಿ ಸುಳ್ಳು ಹೇಳಿಸಬೇಡ ಅಂತ ಕಾಗದ ಬರೆಯುತ್ತಿದ್ದೇನೆ.

ಮಾರ್ನಮಿ ಅಮಾವಾಸ್ಯೆ ಬಂತು. ನಿಮ್ಮಕ್ಕನಿಗೆ ಇದು ಮೊದಲನೇ ಎಡೆ. ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಇಡಬೇಕು. ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿಗೆ ಏನಿಷ್ಟ ಅಂತ ಗೊತ್ತಿಲ್ಲವೆಂದು ತಿಳಿಯಬೇಡ. ಹುರುಳಿಕಾಳಿನ ಉಪ್ಪೆಸರು, ಬಿಸಿ ಮುದ್ದೆ, ಪಕ್ಕಕ್ಕೆ ನಿಮ್ಮವ್ವ ಕಲಿಸಿದ ಆ ಖಾರ. ಉಪ್ಪೆಸರು ಹೇಗೋ ಮಾಡುತ್ತೇನೆ. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿಯುವುದು ಯಾವ ಮಹಾ ವಿದ್ಯೆ. ಖಾರ ಮಾತ್ರ ಬರುತ್ತಿಲ್ಲ. ಮೂರು ಸಲ ಮಿಕ್ಸಿಗೆ ಹಾಕಿದೆ. ಬಾಯಿ ಉರಿಯುತ್ತದೆ, ಅಷ್ಟೇ. ಗುರುಬಸಮ್ಮನ ಖಾರ ಉರಿದ ಮೇಲೂ ಇನ್ನೊಂದು ತುತ್ತು ಕೇಳುತ್ತಿತ್ತು.

ಮಗಳನ್ನು ಕೇಳೋಣವೆಂದರೆ, ಹನೂರಿಗೆ ಕೊಟ್ಟ ದೀಪಶ್ರೀಯೂ ಫೋನ್ ಎತ್ತುವುದಿಲ್ಲ. ಮಣ್ಣು ಮಾಡಿದ ದಿನ ನೀನು ಹಾಗೆ ಕೂಗಿದ ಮೇಲೆ ಅವಳು ನನ್ನ ಮುಖ ನೋಡಿಲ್ಲ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಖಾರಕ್ಕೆ ಏನೇನು ಬೀಳಬೇಕು, ಯಾವುದರ ಹಿಂದೆ ಯಾವುದು, ಅಷ್ಟು ಬರೆ ಸಾಕು.

ನಿನ್ನ ಭಾವ
ಪುಟ್ಟಮಾದಪ್ಪ


ಯಳಂದೂರು
27-9-2024

ಶ್ರೀಮಾನ್ ಪುಟ್ಟಮಾದಪ್ಪನವರಿಗೆ,

"ಭಾವ" ಎಂದು ಬರೆಯಲು ಹೋದೆ, ಪೆನ್ನು ಮುಷ್ಕರ ಹೂಡಿತು! ಅಕ್ಕನ ದೇಹದ ಮುಂದೆ, ಇಡೀ ಕಾಮಗೆರೆ ಕೇಳುವಂತೆ, ಇನ್ನು ನಿಮ್ಮೊಡನೆ ಮಾತಿಲ್ಲ ಎಂದು ಆಣೆಯಿಟ್ಟವನು ನಾನು. ಆಣೆ ಬಾಯಿಗೆ, ಬರವಣಿಗೆಗಲ್ಲ. ಆದ್ದರಿಂದ ಕೇಳಿ. ಕಿವಿಯಿದ್ದರೆ ಕೇಳಿ!

ಖಾರ ಬೇಕೆ ನಿಮಗೆ? ನನ್ನ ಅವ್ವನ ಖಾರ?

ಹದಿನೇಳು ವರ್ಷ, ಸ್ವಾಮಿ! ಹದಿನೇಳು ವರ್ಷ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಒಂದು ಬಸ್ಸು, ಅಲ್ಲಿಂದ ಕಾಮಗೆರೆಗೆ ಇನ್ನೊಂದು ಬಸ್ಸು ಹತ್ತಿ ನಿಮ್ಮ ಹಜಾರಕ್ಕೆ ಬಂದು ಕೂತೆ. ಯಾರಿಗಾಗಿ? ಬೆಂಗಳೂರಿನ ಆ ತಂಡಕ್ಕಾಗಿ! ಮೂರು ಸಲ ಫೈನಲ್ಲಿಗೆ ಹೋಗಿ ಮೂರು ಸಲವೂ ಮಣ್ಣು ಮುಕ್ಕಿದ ತಂಡ. ನಲವತ್ತೊಂಬತ್ತಕ್ಕೆ ಎಲ್ಲರೂ ಔಟಾಗಿ ಬಂದ ತಂಡ. ನಮ್ಮೂರಿನ ನಾಟಕದಲ್ಲಿ ದುಶ್ಶಾಸನನಾದರೂ ಇದಕ್ಕಿಂತ ಹೆಚ್ಚು ಹೊತ್ತು ನಿಂತು ಸಾಯುತ್ತಾನೆ! ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಎಂದು ಕೂತೆವು, ಪ್ರತಿ ವರ್ಷ ಟವೆಲು ಕೊಡವಿ ಎದ್ದೆವು. ಆಗ ಅಕ್ಕನ ಮುದ್ದೆ, ಅಕ್ಕನ ಖಾರ ನಮ್ಮನ್ನು ಮನುಷ್ಯರನ್ನಾಗಿ ಮಾಡುತ್ತಿತ್ತು.

ಅಂಥ ಅಕ್ಕ ಆ ಹದಿನೇಳು ವರ್ಷದಲ್ಲಿ ಒಂದು ಆಟ ನೋಡಿದಳೆ? ಅವಳು ಹೊಸ್ತಿಲಿಗೆ ಬಂದರೆ ವಿಕೆಟ್ ಬೀಳುತ್ತದೆ ಎಂದು ಕಂಡುಹಿಡಿದ ಮಹಾ ಜೋಯಿಸರು ಯಾರು? ಎರಡನೇ ವರ್ಷದ ಫೈನಲ್ಲಿನಲ್ಲಿ ಅವಳು ಮೂರು ಸಲ ಬಂದಳು, ಮೂರು ಸಲ ಬಿದ್ದಿತು, "ಲೇ ಗುರುಬಸಿ, ನೀ ಅಡ್ಗೆಮನೇಲೇ ಇರಮ್ಮಿ, ನಿನ್ ಕಾಲ್ಗುಣ ನೆಟ್ಗಿಲ್ಲ" ಎಂದವರು ಯಾರು? ನೀವು! ಅಂದಿನಿಂದ ಶಾಸನವಾಯಿತು. ನಿಮಗೆ ಪ್ಲಾಸ್ಟಿಕ್ ಕುರ್ಚಿ, ನನಗೆ ಕಂಬದ ಬುಡ, ಅವಳಿಗೆ ಒರಳುಕಲ್ಲು. ಆಟ ಮುಗಿಯುವ ತನಕ ಯಾರೂ ಜಾಗ ಬಿಡುವಂತಿಲ್ಲ. ಪಾಪ, ನಕ್ಕೊಂಡು ಒಪ್ಪಿಕೊಂಡಳು. ಒಳಗಿನಿಂದಲೇ "ಏನಾಯ್ತ್ರಲಾ, ಗೆದ್ರಾ?" ಎಂದು ಕೇಳುತ್ತಿದ್ದಳು.

ಏಪ್ರಿಲ್ ಇಪ್ಪತ್ತೊಂದು, ಭಾನುವಾರ. ಮಧ್ಯಾಹ್ನ ಶುರುವಾದ ಆಟ. ಕೊನೆಯ ಓವರಿನಲ್ಲಿ ಮೂರು ಸಿಕ್ಸರ್! ಒಂದು ರನ್ನಿನಲ್ಲಿ ಸೋತೆವು, ಒಂದೇ ಒಂದು ರನ್ನಿನಲ್ಲಿ! "ಅಕ್ಕೋ, ಮುದ್ದೆ ಇಕ್ಕವ್ವಾ, ಸೋತ್ ಬಾಯ್ಗೆ ಒಸಿ ಖಾರನಾರ ಬೀಳ್ಲಿ" ಎನ್ನುತ್ತ ಒಳಗೆ ಹೋದವನು ನಾನು. ಒರಳಿಗೆ ಹಣೆ ಆನಿಸಿ ಕೂತಿದ್ದಳು. ತೂಕಡಿಕೆ ಎಂದುಕೊಂಡೆ. ಭುಜ ಮುಟ್ಟಿದೆ. ಆಮೇಲೆ ನಾನು ಕೂಗಿದ ಕೂಗು ನಿಮಗೂ ಗೊತ್ತು.

ಆಸ್ಪತ್ರೆ ಎಷ್ಟು ದೂರ? ನಿಮ್ಮ ಜಗಲಿಯಲ್ಲಿ ನಿಂತು ಕರೆದರೆ ಕೇಳುವಷ್ಟು! "ಅರ್ಧ ಗಂಟೆ ಮುಂಚೆ ತಂದಿದ್ರೆ" ಅಂದರು ಡಾಕ್ಟರು. ಆ ಅರ್ಧ ಗಂಟೆ ಅವಳನ್ನು ಅಡುಗೆಮನೆಯಲ್ಲಿ ಕಟ್ಟಿಹಾಕಿದ್ದು ನಿಮ್ಮ ಶಾಸನ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಕುಡಿಯಿರಿ! ಖಾರದ ವಿಷಯ ಇನ್ನು ಎತ್ತಬೇಡಿ.

ಎಂ. ಶಾಂತಮೂರ್ತಿ
ನಾಟಕದ ಮೇಷ್ಟ್ರು


ಕಾಮಗೆರೆ
22-4-2025

ಶಾಂತಮೂರ್ತಿಗೆ,

ನಿನ್ನೆ ನಿಮ್ಮಕ್ಕನ ಸಮಾಧಿಗೆ ಗದ್ದುಗೆ ಪೂಜೆ ಆಯಿತು. ವರ್ಷ ತುಂಬಿತು. ನೀನು ಬರಲಿಲ್ಲ. ದೀಪಶ್ರೀ ಬಂದಿದ್ದಳು ಅಂತ ಕಾಣುತ್ತದೆ. ನಾನು ಬೆಳಿಗ್ಗೆ ಹೋಗುವಷ್ಟರಲ್ಲಿ ಗದ್ದುಗೆಯ ಮೇಲೆ ಕನಕಾಂಬರದ ದಂಡೆ ಇತ್ತು, ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು. ರಸ್ತೆ ತನಕ ನಡೆದುಹೋಗಿ ನೋಡಿದೆ. ಹನೂರಿನ ಬಸ್ಸು ತಿರುವಿನಲ್ಲಿ ಹೋಗುತ್ತಿತ್ತು.

ಹೋದ ಮಾರ್ನಮಿಗೆ ನನ್ನ ಕೈಯ ಖಾರವನ್ನೇ ಎಡೆಗೆ ಇಟ್ಟೆ. ಅವಳಿದ್ದಿದ್ದರೆ, "ಇದ್ನ ಹೂಗ್ಯಂ ಕಾಡ್‌ ಹಂದೀಗ್ ಆಕಿ, ಹೊಲ್ದ್ ಕಡೀಕ್ ಮತ್ತೆ ಬರಾಕಿಲ್ಲ" ಅನ್ನುತ್ತಿದ್ದಳು.

ನಿನಗೆ ಹೇಳದ ಒಂದು ಸಂಗತಿ ಇದೆ. ಅವತ್ತು ಒರಳಿನಲ್ಲಿ ಅರೆದ ಖಾರ ಹಾಗೇ ಉಳಿದಿತ್ತು. ಮೂರನೇ ದಿನ ಜನವೆಲ್ಲ ಹೋದ ಮೇಲೆ ಬಳಿದು ಒಂದು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಇಟ್ಟೆ. ಯಾಕೆ ಅಂತ ಕೇಳಬೇಡ. ಒಂದು ದಿನ ತಡೆಯಲಾರದೆ ತುದಿಬೆರಳಿನಲ್ಲಿ ತೆಗೆದು ನಾಲಿಗೆಗೆ ಹಚ್ಚಿದೆ. ಉಪ್ಪು ಇರಲಿಲ್ಲ. ಉಪ್ಪು ಹಾಕುವುದು ಎಲ್ಲ ಅರೆದಾದ ಮೇಲೆ, ಕೊನೆಗೆ ಅಂತ ಅವಳು ಹೇಳುವುದು ಕೇಳಿದ್ದೆ. ಉಪ್ಪು ಇಡುವ ಮರದ ಮರಿಗೆ ಒರಳಿನ ಪಕ್ಕದಲ್ಲೇ ಮುಚ್ಚಳ ತೆಗೆದು ಇತ್ತು. ಅಂದರೆ ಅಲ್ಲಿಗೆ ಕೈ ಚಾಚುವುದರೊಳಗೆ ಆಗಿಹೋಗಿದೆ.

ಅವತ್ತಿನಿಂದ ನನಗೆ ಯಾವ ಊಟಕ್ಕೂ ಉಪ್ಪು ಸಾಲದು ಅನಿಸುತ್ತದೆ. ಒಂದು ಹೊತ್ತು ಉಣ್ಣುತ್ತೇನೆ. ಪಕ್ಕದ ಮನೆ ಜಡೇಸ್ವಾಮಿ ನಿನ್ನೆ, "ಏನಣ್ಣ, ಹೆಣ ಹೊರೋರ್ಗೆ ಹಗುರಾಗ್ಲಿ ಅಂತ ಈಗ್ಲೇ ಮೈ ಇಳ್ಸ್ಕತಾ ಇದ್ದೀಯಾ?" ಅಂದ. ನಕ್ಕೆ. ಟೀ ಅಂಗಡಿಯಲ್ಲಿ ಮತ್ತೆ "ಈ ಸಲ ಕಪ್ ನಮ್ದೇ" ಶುರುವಾಗಿದೆ. ನಮ್ಮ ಮನೆಯ ಟಿವಿಗೆ ಬೆಡ್‌ಶೀಟು ಹೊದಿಸಿದ್ದೇನೆ.

ಖಾರವನ್ನು ಬರೆಯದಿದ್ದರೆ ಬಿಡು. ದೀಪಶ್ರೀಗೆ ಒಂದು ಮಾತು ಹೇಳು, ನನ್ನ ಕಣ್ಣಿರುವಾಗ ಒಂದು ಸಲ ಬಂದು ಹೋಗಲಿ. ನಿನ್ನ ಮಾತು ಕೇಳುತ್ತಾಳೆ. ನನ್ನದು ಕೇಳುವುದಿಲ್ಲ.

ಪುಟ್ಟಮಾದಪ್ಪ


ಯಳಂದೂರು
8-6-2025

ಭಾವ,

ಭಾವ, ಭಾವ! ಹೋದ ಸಲ ಬರೆಯದೆ ಬಿಟ್ಟದ್ದನ್ನೂ ಸೇರಿಸಿ ಬರೆದಿದ್ದೇನೆ.

ಕಪ್ ಬಂತು. ಹದಿನೆಂಟನೇ ವರ್ಷಕ್ಕೆ ಬಂತು. ನಾನು ನೋಡುವುದಿಲ್ಲ ಎಂದು ಪ್ರೇಮಾಳ ಮುಂದೆ ಭೀಷಣ ಪ್ರತಿಜ್ಞೆ ಮಾಡಿದ್ದೆ. ಬೀದಿಯ ಗದ್ದಲ ಕೇಳಿ ಕೊನೆಯ ಓವರಿಗೆ ಟಿವಿ ಹಾಕಿಯೇಬಿಟ್ಟೆ. ನಿಂತುಕೊಂಡೇ ನೋಡಿದೆ. ಗೆದ್ದರು! ಮೈಮೇಲೆ ಏನೋ ಬಂದಂತಾಯಿತು. ಮೈಕಿಲ್ಲದ ಕಾಲದಲ್ಲಿ ಬಯಲಿನ ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದ ಗಂಟಲು ಇದು. ನನ್ನ ಅಪ್ಪಣೆ ಕೇಳದೆ ಹೊರಟಿತು:

"ಅಕ್ಕೋ! ಗೆದ್ವು ಕಣಕ್ಕಾ! ಇನ್ ಈಚೀಕ್ ಬಾ!"

ಪ್ರೇಮಾ ಒಳಗಿನಿಂದ ಬಂದು ನನ್ನ ಮುಖ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. "ಈಚೀಕ್ ಬಾ ಅಂತೀರಲ್ಲ, ಅತ್ಗೇನ ಒಳೀಕ್ ಕಳ್ಸಿದ್ದು ಯಾರು?" ಅಂದಳು. ಅಷ್ಟೇ.

ಭಾವ, ನಲವತ್ತು ವರ್ಷ ಭೀಮನ ಪಾರ್ಟು ಮಾಡಿದವನು ನಾನು, ಎಷ್ಟೋ ಗದೆ ಬೀಸಿದ್ದೇನೆ. ಅಂಥ ಏಟು ತಿಂದಿರಲಿಲ್ಲ.

ಬರೆಯುತ್ತೇನೆ, ಕೇಳು. ಅವತ್ತು ಇನ್ನು ಎರಡೋ ಮೂರೋ ಓವರು ಬಾಕಿ. ಬಾಗಿಲಿನಲ್ಲಿ ನೆರಳಾಡಿತು. ಅಕ್ಕ ಬಂದು ನಿಂತಳು. ನಾನು ತಿರುಗಿ ನೋಡಲಿಲ್ಲ. "ಅಕ್ಕೋ, ಒಳೀಕ್ ಓಗು! ನೀ ನಿಂತ್ರೆ ಇನ್ನೊಂದ್ ಬೀಳ್ತದೆ!" ಎಂದು ಅಬ್ಬರಿಸಿದೆ. ಅದು ಭೀಮನ ಗಂಟಲೇ, ಕೌರವರ ಮೇಲೆ ತೆಗೆಯುವ ಗಂಟಲು. ಹೆತ್ತವ್ವನಂತೆ ಸಾಕಿದವಳ ಮೇಲೆ ತೆಗೆದೆ. ನೆರಳು ಹೋಯಿತು. ಶಾಸನ ಮಾಡಿದವನು ನೀನಿರಬಹುದು, ಜಾರಿಗೆ ತಂದವನು ನಾನು.

ಇದನ್ನು ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ಅವಳ ಭುಜ ಮುಟ್ಟಿದ ಗಳಿಗೆಯಿಂದ ಗೊತ್ತಿತ್ತು. ಯಾರಾದರೂ ನನ್ನನ್ನು ಕೇಳುವ ಮೊದಲೇ ನಾನು ಕೂಗಿಬಿಟ್ಟರೆ ಜನರ ಕಣ್ಣು ನಿನ್ನ ಕಡೆ ತಿರುಗುತ್ತದೆ ಎಂದು ಲೆಕ್ಕ ಹಾಕಿ ಕೂಗಿದೆ. "ಇವ್ನೇ ಕಣ್ರಪ್ಪಾ ನಮ್ಮಕ್ಕನ್ ಕೊಂದೋನು!" ತಿರುಗಿತು. ನಾಟಕದ ಮೇಷ್ಟ್ರಿಗೆ ಅಷ್ಟು ಗೊತ್ತಿಲ್ಲವೆ, ದೊಡ್ಡ ದನಿ ಇರುವವನ ಕಡೆಗೇ ಸಭೆ.

ಮರುದಿನ ಬೆಂಗಳೂರಿನಲ್ಲಿ ಗೆದ್ದವರನ್ನು ನೋಡಲು ಹೋದ ಮಕ್ಕಳು ನೂಕುನುಗ್ಗಲಿಗೆ ಸಿಕ್ಕಿ ಮನೆಗೆ ಬರದೆ ಹೋದರು. ಆ ತಾಯಂದಿರನ್ನು ಟಿವಿಯಲ್ಲಿ ನೋಡಲಾರದೆ ಆರಿಸಿದೆ.

ಖಾರ ಬರೆಯುತ್ತೇನೆ. ಅವ್ವ ಅರೆಯುವಾಗ ನಾನು ಎದುರು ಕೂತು ಪಾರ್ಟು ಬಾಯಿಪಾಠ ಮಾಡುತ್ತಿದ್ದೆ, ಅದಕ್ಕೇ ಎರಡೂ ಒಟ್ಟಿಗೆ ನೆನಪಿದೆ. ಮೊದಲು ಹುಚ್ಚೆಳ್ಳು, ಒಂದು ಹಿಡಿ, ಚಟಪಟ ಅನ್ನುವ ತನಕ ಹುರಿ. ಒಣಮೆಣಸಿನಕಾಯಿಯನ್ನು ಬಾಣಲೆಗೆ ಹಾಕಬೇಡ, ಕೆಂಡದ ಮೇಲೆ ಸುಡು, ಒಂದು ಮಗ್ಗುಲು ಕರ್ರಗಾಗಬೇಕು. ಸಿಪ್ಪೆ ಸಮೇತ ಬೆಳ್ಳುಳ್ಳಿ. ಕರಿಮೆಣಸು ಹತ್ತು ಕಾಳು, ಜೀರಿಗೆ ಚಿಟಿಕೆ. ಹೋದ ವರ್ಷದ ಹಳೆ ಹುಣಸೆ. ಅರೆಯುವಾಗ ನೀರು ಮುಟ್ಟಿಸಬಾರದು, ಕಾಳು ಬಸಿದ ಕಟ್ಟನ್ನೇ ಚಿಮುಕಿಸಬೇಕು. ನೀನು ಸೋತದ್ದು ಅಲ್ಲೇ. ಮಿಕ್ಸಿಗೆ ಅವ್ವನ ಶಾಪವಿದೆ, ಒರಳೇ ಆಗಬೇಕು. ಉಪ್ಪು ಕೊನೆಗೆ. "ಮೊದ್ಲೇ ಆಕುದ್ರೆ ಖಾರ ನೀರೊಡೀತದೆ ಕಣ್ಲಾ" ಎನ್ನುತ್ತಿದ್ದಳು ಅವ್ವ.

ನೀನು ಯಾಕೆ ಬಾಯಿ ಬಿಡಲಿಲ್ಲ? ಒಂದೇ ಒಂದು ಮಾತು, "ಕೂಗಿದ್ದು ನಿಮ್ಮಾವ" ಎಂದು ಮಗಳಿಗೆ ಹೇಳಿದ್ದರೆ ಅವಳು ನಿನ್ನ ಮನೆಗೆ ಬಂದು ಹೋಗುತ್ತಿದ್ದಳಲ್ಲ! ನಾನೇ ಬರೆಯಲೆ ದೀಪಶ್ರೀಗೆ?

ನಿನ್ನ ಮುಂದೆ ನಿಲ್ಲಲು ಮುಖವಿಲ್ಲದ
ಮೂರ್ತಿ


ಕಾಮಗೆರೆ
19-6-2025

ಮೂರ್ತಿ,

ಕಾಗದ ಬಂತು. ಎರಡು ಸಲ ಓದಿದೆ.

ನೀನು ಕೂಗಿದ್ದು ನಿಜ. ನೀನು ಕೂಗುವುದಕ್ಕೆ ಮೊದಲು ಅವಳು ಒಂದು ಮಾತು ಹೇಳಿದಳು. ನಿನ್ನ ಕಿವಿಗೆ ಬೀಳಲಿಲ್ಲ, ಟಿವಿ ಜೋರಾಗಿತ್ತು. ನನ್ನ ಕುರ್ಚಿ ಬಾಗಿಲ ಪಕ್ಕ. "ಏನಂದ್ರೆ, ಎದೆ ಯಾಕೋ ಇಡ್ಕಂಡಂಗಾಯ್ತದೆ" ಅಂದಳು. ಕೇಳಿಸಿಕೊಂಡೆ. "ಇರು, ಇನ್ನೆರಡ್ ಓವರು" ಅನ್ನುವ ಹಾಗೆ ಎರಡು ಬೆರಳು ಎತ್ತಿ ತೋರಿಸಿದೆ. ಬಾಯಿಬಿಟ್ಟು ಹೇಳಲೂ ಇಲ್ಲ. ಆಮೇಲೆ ನೀನು ಕೂಗಿದೆ.

ಕೇಳದೆ ಕೂಗಿದವನು ನೀನು. ಕೇಳಿ ಕೂತವನು ನಾನು. ಯಾರ ಪಾಪ ದೊಡ್ಡದು ಅಂತ ನೀನೇ ಹೇಳು. ಹೆಣದ ಮುಂದೆ ನೀನು ನನ್ನ ಕಡೆ ಕೈ ತೋರಿಸಿದಾಗ ನನಗೆ ಸಿಟ್ಟು ಬರಲಿಲ್ಲ. ಸರಿಯಾಗೇ ತೋರಿಸುತ್ತಿದ್ದಾನೆ ಅನಿಸಿತು.

ದೀಪಶ್ರೀಗೆ ಬರೆಯಬೇಡ. ತಾಯಿ ಹೋದಳು, ಅಪ್ಪ ಬೇಡವಾದ, ಇನ್ನು ಸೋದರಮಾವನೂ ಹೋದರೆ ಅವಳಿಗೆ ತವರು ಅಂತ ಏನು ಉಳಿಯುತ್ತದೆ? ಇನ್ನೊಂದು ಕಾರಣವೂ ಇದೆ. ಅದನ್ನು ಕಾಗದದಲ್ಲಿ ಹಾಕುವುದಿಲ್ಲ.

ಖಾರಕ್ಕೆ ಕಟ್ಟು ಚಿಮುಕಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ತಿಂದೆ, ಒಂದು ದಿನವೂ ಒಳಗೆ ಹೋಗಿ ಅವಳು ಅರೆಯುವುದನ್ನು ನಿಂತು ನೋಡಲಿಲ್ಲ.

ಪುಟ್ಟಮಾದಪ್ಪ


ಹನೂರು
30-8-2025

ಮಾವ,

ಅಪ್ಪ ಬೇಡ ಅಂದರೂ ಎಲ್ಲ ಒಪ್ಪಿಕೊಂಡು ನೀವು ಬರೆದ ಎಂಟು ಪುಟದ ಕಾಗದ ಬಂದು ಒಂದು ತಿಂಗಳಾಯಿತು. ಸೊಸೈಟಿಯ ಕೌಂಟರಿನಲ್ಲಿ ಕೂತೇ ಓದಿದೆ. ಸಾಲು ನಿಂತವರು "ಅಕ್ಕ, ಗೊಬ್ರದ್ ಚೀಟಿ ಕೊಡಕ್ಕ" ಅಂತ ಕೂಗುತ್ತಿದ್ದರು. ಕೊಟ್ಟೆ. ಅಳು ಬರಲಿಲ್ಲ. ನಿಮ್ಮ ಮೇಲೆ ಸಿಟ್ಟೂ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹೇಳಬೇಕು, ಅದಕ್ಕೇ ಇಷ್ಟು ದಿನ ಹಿಡಿಯಿತು.

ಅವ್ವ ಮ್ಯಾಚಿದ್ದಾಗಲೆಲ್ಲ ನನಗೆ ಫೋನ್ ಮಾಡುತ್ತಿದ್ದಳು, ನಿಮಗಿಬ್ಬರಿಗೂ ಗೊತ್ತಿರಲಿಲ್ಲ. ಹಜಾರಕ್ಕೆ ಬರುವ ಹಾಗಿಲ್ಲ, ನೀವು ಕೂಗಿ ಹೇಳುವುದು ಅರ್ಧ ತಿಳಿಯುವುದಿಲ್ಲ. "ಎಷ್ಟಾಯ್ತವ್ವ? ನಿಮ್ಮಪ್ಪ ಉಸ್ರೇ ಬುಡ್ತಿಲ್ಲ, ಸೋಲ್ತಾವ್ರಾ?" ಅಂತ ಗುಟ್ಟಾಗಿ ಕೇಳುತ್ತಿದ್ದಳು. ಸೋಲುವ ಹಾಗಿದ್ದರೆ ಖಾರಕ್ಕೆ ಇನ್ನೆರಡು ಮೆಣಸಿನಕಾಯಿ ಜಾಸ್ತಿ ಹಾಕುತ್ತಿದ್ದಳಂತೆ. "ಸೋತೋರ್ಗೆ ಖಾರ ಇರ್ಬೇಕು ಕಣವ್ವ, ಕಣ್ಣಲ್ ನೀರ್ ಬಂದ್ರೂ ಖಾರದ್ದು ಅನ್ಬೋದು" ಅನ್ನುತ್ತಿದ್ದಳು.

ಅವತ್ತೂ ಮಾಡಿದಳು. ನಾನೂ ನಮ್ಮ ಯಜಮಾನರೂ ಟಿವಿ ಮುಂದೆ ಇದ್ದೆವು. ಕೊನೆಯ ಓವರು, ಸಿಕ್ಸರ್ ಮೇಲೆ ಸಿಕ್ಸರ್. ಫೋನು ಅಲುಗಾಡುತ್ತಿತ್ತು. ಅವ್ವ ಅಂತ ಹೆಸರು ಬಂತು. ಸ್ಕೋರು ಕೇಳುವುದಕ್ಕೆ, ಮುಗಿದ ಮೇಲೆ ಹೇಳಿದರಾಯಿತು ಅಂತ ಮಗುಚಿ ಇಟ್ಟೆ. ನಿಂತಿತು, ಮತ್ತೆ ಒಂದು ಸಲ ಬಂತು.

ಆಟ ಮುಗಿದ ಮೇಲೆ ನಾನೇ ಮಾಡಿದೆ. ಎತ್ತಿದ್ದು ಅಪ್ಪ.

ಮಣ್ಣು ಮಾಡಿದ ದಿನ ನೀವು ಅಪ್ಪನ ಕಡೆ ಕೈ ತೋರಿಸಿದಿರಿ. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟೆ ಮಾವ. ಅಪ್ಪನ ಮುಖ ನೋಡದೆ ಇದ್ದದ್ದು ಸಿಟ್ಟಿಗಲ್ಲ. ನೋಡಿದರೆ ಬಾಯಿಬಿಟ್ಟು ಹೇಳಿಬಿಡುತ್ತೇನೆ ಅನ್ನುವ ಹೆದರಿಕೆಗೆ.

ಮಾರ್ನಮಿಗೆ ಕಾಮಗೆರೆಗೆ ಹೋಗುತ್ತೇನೆ. ಒರಳಿನಲ್ಲಿ ನಾನೇ ಅರೆಯುತ್ತೇನೆ. ಅಪ್ಪನಿಗೆ ನಾನೇ ಹೇಳುತ್ತೇನೆ. ನೀವೂ ಬನ್ನಿ.

ದೀಪಾ


ಕಾಮಗೆರೆ
22-9-2025

ಮೂರ್ತಿ,

ನಿನ್ನೆ ನೀನು ಬಂದಿದ್ದೆ. ಬಾಳೆಎಲೆ ತರಲು ಹೊರಟಿದ್ದ ನಾನು ದೂರದಿಂದ ನಿನ್ನನ್ನು ಕಂಡೆ. ನೀನು ಬಸ್ಸಿಳಿದು ಆಸ್ಪತ್ರೆಯ ಗೇಟಿನ ಮುಂದೆ ನಿಂತಿದ್ದೆ. ಅಲ್ಲಿಂದ ನಮ್ಮ ಮನೆ ಬಾಗಿಲನ್ನು ನೋಡುತ್ತಿದ್ದೆ. ಎಷ್ಟು ಹತ್ತಿರ ಅಂತ ಅಳೆಯುತ್ತಿದ್ದೆ ಅಂತ ಗೊತ್ತಾಯಿತು, ನಾನೂ ದಿನಾ ಅಳೆಯುತ್ತೇನೆ. ಆಮೇಲೆ ಕೊಳ್ಳೇಗಾಲದ ಬಸ್ಸು ಬಂತು, ನೀನು ಹತ್ತಿಬಿಟ್ಟೆ. ಕರೆಯೋಣ ಅಂದುಕೊಂಡೆ. ನನ್ನ ಗಂಟಲು ನಿನ್ನದರ ಹಾಗೆ ಅಲ್ಲ.

ಮಗಳು ಬಂದಿದ್ದಳು. ಹಜಾರದಲ್ಲಿ ನಿಲ್ಲದೆ ನೆಟ್ಟಗೆ ಒಳಗೆ ಹೋಗಿ ಒರಳು ತೊಳೆದಳು. ನೀನು ಖಾರದ ವಿವರ ಬರೆದ ಕಾಗದವನ್ನು ಪಕ್ಕದಲ್ಲಿ ಹಾಸಿ, ಹಾರದ ಹಾಗೆ ಬೆಳ್ಳುಳ್ಳಿ ಗಡ್ಡೆ ಇಟ್ಟು, ಓದಿಕೊಂಡು ಅರೆದಳು. ನಾನು ಅಡುಗೆಮನೆ ಬಾಗಿಲಿನಲ್ಲಿ ಕೂತೆ. ಆ ಜಾಗದಲ್ಲಿ ನಾನು ಕೂತದ್ದು ಅದೇ ಮೊದಲು. ಅಲ್ಲಿಂದ ಟಿವಿ ಕಾಣುವುದಿಲ್ಲ.

ಅರೆಯುತ್ತಲೇ ಹೇಳಿದಳು, ಫೋನಿನ ವಿಷಯ. ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. "ಗೊತ್ತು ಕಣವ್ವ" ಅಂದೆ. ಆಗ ಗುಂಡುಕಲ್ಲು ನಿಂತಿತು.

ನಿನಗೆ ಬರೆಯದೆ ಬಿಟ್ಟ ಕಾರಣ ಅದೇ ಮೂರ್ತಿ. ಗುರುಬಸಮ್ಮನ ಫೋನು ಅವತ್ತು ಅವಳ ಮಡಿಲಲ್ಲೇ ಇತ್ತು. ಕೊನೆಗೆ ಯಾರಿಗೆ ಮಾಡಿದ್ದಳು, ಎಷ್ಟು ಸಲ ಮಾಡಿದ್ದಳು ಅಂತ ಮಾರನೇ ದಿನವೇ ನೋಡಿದ್ದೆ. ಹುಡುಗಿ ಇದನ್ನು ಹೊತ್ತುಕೊಂಡು ಬಾಳಬೇಕಲ್ಲ ಅನಿಸಿತು. ಅಷ್ಟರಲ್ಲಿ ನೀನು ನನ್ನ ಕಡೆ ಕೈ ತೋರಿಸಿದೆ. ಅವಳ ಸಂಕಟಕ್ಕೆ ಇಳಿಯಲು ಒಂದು ಜಾಗ ಸಿಕ್ಕಿತಲ್ಲ, ಇಲ್ಲೇ ಇಳಿಯಲಿ ಅಂತ ಸುಮ್ಮನಾದೆ. ಹದಿನೇಳು ತಿಂಗಳು ಮಗಳನ್ನು ಕಳೆದುಕೊಂಡರೆ ಅವಳಿಗೆ ಇದು ತಪ್ಪುತ್ತದೆ ಅಂದುಕೊಂಡಿದ್ದೆ. ತಪ್ಪಿರಲಿಲ್ಲ.

ಖಾರ ನುಣ್ಣಗಾಯಿತು. ಉಪ್ಪಿನ ಮರಿಗೆಯ ಮುಚ್ಚಳ ತೆಗೆದು ನಡುವೆ ಇಟ್ಟಳು. ಅವಳು ಕೈ ಹಾಕಲಿಲ್ಲ, ನಾನೂ ಹಾಕಲಿಲ್ಲ. ಉಪ್ಪೆಸರು ಆರುತ್ತಿತ್ತು. ಕೊನೆಗೆ ನಾನು ಒಂದು ಚಿಟಿಕೆ ಹಾಕಿದೆ, ಅವಳು ಒಂದು ಚಿಟಿಕೆ ಹಾಕಿದಳು. ಎಡೆ ಇಟ್ಟೆವು. ಊಟ ಮಾಡಿದೆವು. ಖಾರ ಗುರುಬಸಮ್ಮನದ್ದೇ. ಇಬ್ಬರ ಕಣ್ಣಲ್ಲೂ ನೀರು ಬಂತು. ಖಾರದ್ದು ಅಂತ ಯಾರೂ ಅನ್ನಲಿಲ್ಲ.

ಜಡೇಸ್ವಾಮಿ ನಾಳೆ ಯಳಂದೂರಿಗೆ ಬರುತ್ತಾನೆ. ಅವನ ಕೈಯಲ್ಲಿ ಒಂದು ಡಬ್ಬಿ ಕಳಿಸುತ್ತಿದ್ದೇನೆ. ನಿನ್ನ ಪಾಲನ್ನು ಮೊದಲೇ ತೆಗೆದಿಟ್ಟಿದ್ದೆ.

ಅದಕ್ಕೆ ಉಪ್ಪು ಹಾಕಿಲ್ಲ. ನೀನೇ ಹಾಕಿಕೊಳ್ಳಬೇಕು.

ನಿನ್ನ ಭಾವ
ಪುಟ್ಟಮಾದಪ್ಪ